ಧ್ವನಿಯ ಎಪಿಐಗಳಲ್ಲಿ ಸರಳತೆಯೂ ಸಾಮರ್ಥ್ಯವೂ

ವೀಣೆಯನ್ನು ಹೊಸದಾಗಿ ಕಲಿಯತಕ್ಕವನು ಮೆಟ್ಟಿನ ಮೇಲೆ ಬೆರಳಿಟ್ಟು ತಂತಿಯನ್ನು ಮೀಟಿದರೆ ಆ ಮೆಟ್ಟಿಗೆ ಸೇರಿದ ಸ್ವರವು ಹೊರಡುತ್ತದೆ. ಸ್ವರಸ್ಥಾನವನ್ನು ಅವನು ಹುಡುಕಬೇಕಾದುದಿಲ್ಲ. ವಾದ್ಯವನ್ನು ಮಾಡಿದವನು ಅದನ್ನು ಮೊದಲೇ ನಿರ್ಣಯಿಸಿ ಮೆಟ್ಟನ್ನು ಮೇಣದಲ್ಲಿ ನಿಲ್ಲಿಸಿರುವನು. ಅದೇ ವಾದ್ಯದ ಅದೇ ಮೆಟ್ಟಿನ ಮೇಲೆ ವಿದ್ವಾಂಸನಾದವನು ತಂತಿಯನ್ನು ಪಕ್ಕಕ್ಕೆಳೆದು, ಎರಡು ಮೆಟ್ಟುಗಳ ನಡುವಣ ಸೂಕ್ಷ್ಮ ಧ್ವನಿಗಳನ್ನು ಗಮಕವಾಗಿ ಹೊರಡಿಸಬಲ್ಲನು. ಹಾರ್ಮೋನಿಯಮ್ಮಿನಲ್ಲಿ ಮೊದಲನೆಯ ಸೌಕರ್ಯವು ಇನ್ನೂ ಹೆಚ್ಚಾಗಿಯೇ ಇದೆ, ಎರಡನೆಯದಕ್ಕೆ ಅವಕಾಶವಿಲ್ಲ. ಪಿಟೀಲಿನಲ್ಲಿ ಎರಡನೆಯದು ಯಥೇಚ್ಛವಾಗಿದೆ, ಮೊದಲನೆಯದು ಇಲ್ಲ.

ಕಂಪ್ಯೂಟರಿನಿಂದ ಧ್ವನಿಯನ್ನು ಹೊರಡಿಸುವ ಸಾಧನಗಳನ್ನು ರಚಿಸುವವರ ಮುಂದಿರತಕ್ಕ ಪ್ರಶ್ನೆಯೂ ಈ ಬಗೆಯದೇ. ಯಂತ್ರದೊಳಗಣ ವ್ಯವಸ್ಥೆಗೂ ಅದನ್ನು ಬಳಸಿ ಪ್ರೋಗ್ರಾಮು ಬರೆಯುವವನಿಗೂ ನಡುವೆ ಒಂದು ಕರಾರು ಇರುತ್ತದೆ: ಇಂಥ ಮಾತಿನಿಂದ ಕೇಳಿದರೆ ಇಂಥ ಕೆಲಸವು ನಡೆಯುವುದು, ಇಂಥದನ್ನು ಕೇಳಲು ಅವಕಾಶವಿಲ್ಲ, ಎಂಬುದಾಗಿ. ಈ ಕರಾರಿಗೆ ಎಪಿಐ ಎಂಬ ಹೆಸರು ರೂಢಿಯಲ್ಲಿರುವುದರಿಂದ ಈ ಲೇಖನದಲ್ಲಿಯೂ ಅದನ್ನೇ ಇಟ್ಟುಕೊಂಡಿದೆ. ಕರಾರಿನ ಮಾತುಗಳು ಕೆಲವೇ ಆಗಿ ಸುಲಭವಾಗಿದ್ದರೆ ಹೊಸಬನೂ ಸ್ವಲ್ಪ ಹೊತ್ತಿನಲ್ಲಿಯೇ ಒಂದು ಸ್ವರವನ್ನು ನುಡಿಸುವನು. ಇದು ಸರಳತೆ. ಕರಾರನ್ನು ಬರೆದವನ ಮನಸ್ಸಿಗೆ ಬಾರದಿದ್ದ ಧ್ವನಿಯನ್ನೂ ಪ್ರೋಗ್ರಾಮುಗಾರನು ಹೊರಡಿಸಬಲ್ಲನಾದರೆ ಅದು ಸಾಮರ್ಥ್ಯ. ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳೆಂದು ಭಾವಿಸಿ, ಒಂದು ಏರಿದರೆ ಮತ್ತೊಂದು ಇಳಿಯಲೇ ಬೇಕೆಂದು ಹೇಳುವುದುಂಟು. ಈ ಅಭಿಪ್ರಾಯವು ಪೂರ್ತಿಯಾಗಿ ಒಪ್ಪತಕ್ಕುದಲ್ಲವೆಂಬುದನ್ನು, ಇಂದು ಎಲ್ಲ ಮುಖ್ಯ ಬ್ರೌಸರುಗಳಲ್ಲಿಯೂ ಇರುವ ವೆಬ್ ಆಡಿಯೋ ಎಂಬ ಎಪಿಐಯ ಚರಿತ್ರೆಯನ್ನು ಆಧರಿಸಿ ತೋರಿಸುವುದೇ ಈ ಲೇಖನದ ಉದ್ದೇಶ.

೧. ಧ್ವನಿಯ ಕಾಲನಿಯಮ

ಕಂಪ್ಯೂಟರಿನೊಳಗೆ ಧ್ವನಿಯೆಂದರೆ ಅಂಕಿಗಳ ಸಾಲು. ಗಾಳಿಯ ಒತ್ತಡವು ಕ್ಷಣಕ್ಷಣಕ್ಕೂ ಎಷ್ಟಿರಬೇಕೆಂಬುದನ್ನು ಒಂದೊಂದು ಅಂಕಿಯೂ ಹೇಳುತ್ತದೆ. ಇಂಥ ಅಂಕಿಗೆ ಸ್ಯಾಂಪಲ್ ಎಂದು ಹೆಸರು. ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ, ಎಡಬಲಗಳ ಒಂದೊಂದು ಪಕ್ಕಕ್ಕೂ, ೪೪,೧೦೦ ಸ್ಯಾಂಪಲ್ಲುಗಳಿರುತ್ತವೆ. ಇವುಗಳನ್ನು ಒಂದೊಂದಾಗಿ ಒದಗಿಸುವುದು ದುಬಾರಿಯಾದ ಕೆಲಸವಾದುದರಿಂದ ಯಂತ್ರವು ಅವುಗಳನ್ನು ಕಂತುಕಂತಾಗಿ ಕೇಳುತ್ತದೆ. ವೆಬ್ ಆಡಿಯೋದಲ್ಲಿ ಈ ಕಂತು ೧೨೮ ಸ್ಯಾಂಪಲ್ಲುಗಳದು. ಎಂದರೆ, ಸುಮಾರು ೨.೯ ಮಿಲಿಸೆಕೆಂಡಿಗೆ ಒಂದಾವರ್ತಿ ಹೊಸ ಕಂತು ಸಿದ್ಧವಾಗಿರಬೇಕು.

ಕಂತು ತಡವಾದರೆ ಸ್ಪೀಕರು ಕಾಯುವುದಿಲ್ಲ. ಕೊಡಲು ಅಂಕಿಯಿಲ್ಲದ ಆ ಕ್ಷಣದಲ್ಲಿ ಧ್ವನಿಯು ಕಡಿದು, ಟಕ್ಕೆಂಬ ಸದ್ದು ಕೇಳಿಬರುವುದು. ಚಲಚ್ಚಿತ್ರದಲ್ಲಿ ಒಂದು ಚಿತ್ರವು ತಪ್ಪಿಹೋದರೆ ಕಣ್ಣು ಅದನ್ನು ಗಮನಿಸದೆ ಇರಬಹುದು. ಕಿವಿಯಾದರೋ ಇಷ್ಟು ಸಣ್ಣ ಬಿರುಕನ್ನೂ ಗುರುತಿಸುತ್ತದೆ. ಆದುದರಿಂದ ಧ್ವನಿಯ ಅಂಕಿಗಳನ್ನು ಲೆಕ್ಕಹಾಕುವ ಭಾಗದಲ್ಲಿ, ಎಷ್ಟು ಹೊತ್ತು ಹಿಡಿಯುವುದೆಂದು ಮೊದಲೇ ಹೇಳಲಾಗದ ಕೆಲಸವನ್ನು ಮಾಡಕೂಡದು: ಡಿಸ್ಕಿನಿಂದ ಕಡತವನ್ನು ಓದಕೂಡದು, ಹೊಸದಾಗಿ ಮೆಮೊರಿಯನ್ನು ಬೇಡಕೂಡದು, ಬೇರೊಂದು ಭಾಗವು ಹಿಡಿದಿರುವ ಬೀಗವು ತೆರೆಯುವವರೆಗೆ ಕಾಯಕೂಡದು. ಇತರ ಪ್ರೋಗ್ರಾಮುಗಳಲ್ಲಿ ದಿನನಿತ್ಯವೂ ಮಾಡುವ ಈ ಕೆಲಸಗಳೇ ಇಲ್ಲಿ ದೋಷಗಳು. ಧ್ವನಿಯ ಎಪಿಐಯನ್ನು ರಚಿಸುವುದು ಕಠಿನವಾಗಿರುವುದಕ್ಕೆ ಮುಖ್ಯ ಕಾರಣವು ಇದೇ. ಪ್ರೋಗ್ರಾಮುಗಾರನಿಗೆ ಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟರೆ ಈ ಕಾಲನಿಯಮದ ಹೊಣೆಯನ್ನೂ ಅವನ ತಲೆಯ ಮೇಲೆಯೇ ಹೊರಿಸಿದಂತಾಗುವುದು.

೨. ಎರಡು ಹಳೆಯ ಮಾರ್ಗಗಳು

ಈ ಪ್ರಶ್ನೆಗೆ ಹಿಂದಿನಿಂದಲೂ ಎರಡು ಬಗೆಯ ಉತ್ತರಗಳು ನಡೆದು ಬಂದಿವೆ.

ಮೊದಲನೆಯದು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬುವರ ಕೆಲಸದಿಂದ ಹುಟ್ಟಿತು. ೧೯೫೭ರಲ್ಲಿ ಅವರ ಮ್ಯೂಸಿಕ್ ಎಂಬ ಪ್ರೋಗ್ರಾಮು ಐ.ಬಿ.ಎಂ. ೭೦೪ ಎಂಬ ಯಂತ್ರದ ಮೂಲಕ ೧೭ ಸೆಕೆಂಡುಗಳ ಒಂದು ಸಣ್ಣ ರಚನೆಯನ್ನು ನುಡಿಸಿತು. ೧೯೬೦ರ ಸುಮಾರಿಗೆ ಬಂದ ಮೂರನೆಯ ಆವೃತ್ತಿಯಲ್ಲಿ ಅವರು ಘಟಕಗಳ ಕ್ರಮವನ್ನು ತಂದರು. ಅಲೆಯನ್ನು ಹುಟ್ಟಿಸುವುದು ಒಂದು ಘಟಕ, ಎರಡು ಅಲೆಗಳನ್ನು ಕೂಡಿಸುವುದು ಇನ್ನೊಂದು, ಏರಿಳಿತವನ್ನು ಕೊಡುವುದು ಮತ್ತೊಂದು; ಇವುಗಳನ್ನು ಬೇಕಾದಂತೆ ಜೋಡಿಸಿದರೆ ಒಂದು ವಾದ್ಯವಾಗುವುದು. ಅಂಕಿಗಳ ಗೊಡವೆಯು ಸಂಗೀತಗಾರನಿಗೆ ಬೇಕಿಲ್ಲ. ಬ್ಯಾರಿ ವರ್ಕೋ ಅವರು ೧೯೮೬ರಲ್ಲಿ ಹೊರತಂದ ಸಿಸೌಂಡ್, ಮಿಲ್ಲರ್ ಪಕೆಟ್ ಅವರು ೧೯೯೬ರಲ್ಲಿ ಹೊರತಂದ ಪ್ಯೂರ್ ಡೇಟಾ ಮೊದಲಾದುವು ಈ ಪರಂಪರೆಗೆ ಸೇರಿದುವು.

ಎರಡನೆಯ ಮಾರ್ಗವು ಇದಕ್ಕೆ ಪ್ರತಿಯಾದುದು. ಇಲ್ಲಿ ಎಪಿಐಯು ಘಟಕಗಳನ್ನು ಕೊಡುವುದೇ ಇಲ್ಲ. “ಇಷ್ಟು ಸ್ಯಾಂಪಲ್ಲುಗಳು ಬೇಕಾಗಿವೆ, ತುಂಬಿಕೊಡು” ಎಂದು ಹೊತ್ತುಹೊತ್ತಿಗೆ ಪ್ರೋಗ್ರಾಮುಗಾರನನ್ನು ಕರೆದು ಕೇಳುತ್ತದೆ, ಅಷ್ಟೆ. ಇಂಥ ಕರೆಗೆ ಕಾಲ್‌ಬ್ಯಾಕ್ ಎಂದು ಹೆಸರು. ರಾಸ್ ಬೆನ್ಸಿನಾ ಮತ್ತು ಫಿಲ್ ಬರ್ಕ್ ಎಂಬುವರು ೨೦೦೧ರಲ್ಲಿ ವಿವರಿಸಿದ ಪೋರ್ಟ್‌ಆಡಿಯೋ ಇದಕ್ಕೆ ಒಳ್ಳೆಯ ಉದಾಹರಣೆ. ಇದರಿಂದ ಹೊರಡಿಸಲಾಗದ ಧ್ವನಿಯಿಲ್ಲ. ಆದರೆ ಒಂದು ಸಾಮಾನ್ಯ ಸ್ವರಕ್ಕೂ ಅಲೆಯ ಗಣಿತವನ್ನು ತಾನೇ ಬರೆಯಬೇಕು, ಮೇಲೆ ಹೇಳಿದ ನಿಷೇಧಗಳನ್ನೆಲ್ಲ ತಾನೇ ಪಾಲಿಸಬೇಕು. ಮೊದಲನೆಯ ಮಾರ್ಗವು ಹಾರ್ಮೋನಿಯಮ್ಮಿಗೆ ಹತ್ತಿರವಾದುದು, ಎರಡನೆಯದು ಪಿಟೀಲಿಗೆ.

೩. ವೆಬ್ ಆಡಿಯೋ ನಡೆದುಬಂದ ದಾರಿ

೨೦೧೦-೧೧ರ ಸುಮಾರಿನಲ್ಲಿ ಬ್ರೌಸರಿನೊಳಗೇ ಧ್ವನಿಯನ್ನು ರಚಿಸುವಂತೆ ಮಾಡಬೇಕೆಂಬ ಪ್ರಯತ್ನವು ಆರಂಭವಾದಾಗ ಈ ಎರಡು ಮಾರ್ಗಗಳೂ ಎದುರುಬದುರಾದುವು. ಮೊಜಿಲ್ಲಾದವರು ೨೦೧೧ರ ಫೈರ್‌ಫಾಕ್ಸ್ ೪ರಲ್ಲಿ ಆಡಿಯೋ ಡೇಟಾ ಎಂಬ ಎಪಿಐಯನ್ನು ಕೊಟ್ಟರು. ಅದರಲ್ಲಿ ಘಟಕಗಳಿರಲಿಲ್ಲ, ಪುಟದ ಪ್ರೋಗ್ರಾಮು ಸ್ಯಾಂಪಲ್ಲುಗಳನ್ನು ತಾನೇ ಲೆಕ್ಕಹಾಕಿ ಬರೆಯಬೇಕಾಗಿದ್ದಿತು. ಗೂಗಲ್ಲಿನ ಕ್ರಿಸ್ ರಾಜರ್ಸ್ ಅವರ ಸೂಚನೆಯು ಘಟಕಗಳ ಪರಂಪರೆಯದು. ನೋಡ್ ಎಂಬ ಘಟಕಗಳನ್ನು ಒಂದಕ್ಕೊಂದು ಜೋಡಿಸಿ ಜಾಲವನ್ನು ಕಟ್ಟುವುದು. ಲೆಕ್ಕವನ್ನೆಲ್ಲ ಬ್ರೌಸರು ಪ್ರತ್ಯೇಕವಾದ ಥ್ರೆಡ್ಡಿನಲ್ಲಿ ತಾನೇ ನಡೆಯಿಸುವುದು. ಡಬ್ಲ್ಯು೩ಸಿ ಎಂಬ ಮಂಡಲವು ಮುಂದುವರಿಸಿದುದು ಈ ಎರಡನೆಯದನ್ನೇ. ಮೊದಲನೆಯದು ಕಾಲಕ್ರಮದಲ್ಲಿ ಲುಪ್ತವಾಯಿತು.

ಆ ಕಾಲದ ಸ್ಥಿತಿಯನ್ನು ನೋಡಿದರೆ ಈ ಆಯ್ಕೆಗೆ ತಕ್ಕ ಕಾರಣವಿದ್ದಿತು. ಪುಟವನ್ನು ಚಿತ್ರಿಸುವುದು, ಓದುಗನ ಒತ್ತುಗಳಿಗೆ ಉತ್ತರ ಕೊಡುವುದು, ಇವೆಲ್ಲವೂ ಒಂದೇ ಥ್ರೆಡ್ಡಿನಲ್ಲಿ ನಡೆಯುತ್ತಿರುವಾಗ ಅದರಲ್ಲಿಯೇ ಧ್ವನಿಯ ಕಂತುಗಳನ್ನೂ ಹೊತ್ತಿಗೆ ಸರಿಯಾಗಿ ಸಿದ್ಧಪಡಿಸುವುದು ದುಸ್ಸಾಧ್ಯ. ಘಟಕಗಳ ಕ್ರಮದಲ್ಲಿ ಕಾಲನಿಯಮವನ್ನು ಪಾಲಿಸುವ ಹೊಣೆಯು ಬ್ರೌಸರಿನದು. ಪ್ರೋಗ್ರಾಮುಗಾರನು ಆಸಿಲೇಟರ್, ಗೇನ್, ಫಿಲ್ಟರ್ ಎಂಬ ನೋಡುಗಳನ್ನು ನಾಲ್ಕೈದು ಸಾಲುಗಳಲ್ಲಿ ಜೋಡಿಸಿದರೆ ಧ್ವನಿಯು ಬಿರುಕಿಲ್ಲದೆ ಹೊರಡುವುದು.

ಘಟಕಗಳ ಪಟ್ಟಿಯಲ್ಲಿಲ್ಲದುದನ್ನು ಬಯಸುವವನಿಗೂ ಒಂದು ಬಾಗಿಲನ್ನು ಇಟ್ಟಿದ್ದರು. ಕಾಲ್‌ಬ್ಯಾಕಿನ ಕ್ರಮದಲ್ಲಿ ಸ್ಯಾಂಪಲ್ಲುಗಳನ್ನು ತಾನೇ ಬರೆಯುವ ಸ್ಕ್ರಿಪ್ಟ್‌ಪ್ರೊಸೆಸರ್ ಎಂಬ ನೋಡೇ ಅದು. ಆದರೆ ಇದರ ಲೆಕ್ಕವು ನಡೆಯುತ್ತಿದ್ದುದು ಪುಟದ ಅದೇ ಮುಖ್ಯ ಥ್ರೆಡ್ಡಿನಲ್ಲಿ. ಯಾವ ತೊಂದರೆಯಿಂದ ತಪ್ಪಿಸಿಕೊಳ್ಳಲು ಜಾಲದ ಕ್ರಮವನ್ನು ಆರಿಸಿಕೊಂಡರೋ ಆ ತೊಂದರೆಯೇ ಈ ಬಾಗಿಲಿನಿಂದ ಒಳಗೆ ಬಂದಿತು. ಕಂತನ್ನು ೨೫೬ ಸ್ಯಾಂಪಲ್ಲುಗಳಷ್ಟು ಚಿಕ್ಕದಾಗಿ ಇಟ್ಟರೆ ಧ್ವನಿ ಕಡಿಯುವ ಭಯ. ೧೬,೩೮೪ರಷ್ಟು ದೊಡ್ಡದಾಗಿ ಇಟ್ಟರೆ ಒಂದು ಕಂತಿನಲ್ಲಿಯೇ ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಮೀರಿದ ವಿಳಂಬ. ಬೆರಳಿಟ್ಟ ಮೇಲೆ ಅಷ್ಟು ಹೊತ್ತು ಬಿಟ್ಟು ನುಡಿಯುವ ವಾದ್ಯವನ್ನು ಯಾರು ನುಡಿಸಿಯಾರು?

ಇದಕ್ಕೆ ತಕ್ಕ ಪರಿಹಾರವಾಗಿ ಆಡಿಯೋ ವರ್ಕ್‌ಲೆಟ್ ಎಂಬುದು ಬಂದಿತು. ಇಲ್ಲಿ ಪ್ರೋಗ್ರಾಮುಗಾರನು ಬರೆದ ಲೆಕ್ಕವು ಧ್ವನಿಯ ಥ್ರೆಡ್ಡಿನಲ್ಲಿಯೇ, ಇತರ ನೋಡುಗಳ ಜೊತೆಯಲ್ಲಿಯೇ, ೧೨೮ರ ಕಂತಿನಲ್ಲಿಯೇ ನಡೆಯುತ್ತದೆ. ಕ್ರೋಮ್ ಬ್ರೌಸರಿನಲ್ಲಿ ಇದು ೨೦೧೮ರಲ್ಲಿಯೂ, ಫೈರ್‌ಫಾಕ್ಸಿನಲ್ಲಿ ೨೦೨೦ರಲ್ಲಿಯೂ, ಸಫಾರಿಯಲ್ಲಿ ೨೦೨೧ರಲ್ಲಿಯೂ ದೊರೆತಿತು. ವೆಬ್ ಆಡಿಯೋ ಡಬ್ಲ್ಯು೩ಸಿಯ ಅಧಿಕೃತ ಶಿಫಾರಸಾದುದು ೨೦೨೧ರ ಜೂನ್ ೧೭ರಂದು. ಹೀಗೆ, ಕೆಳಗಿನ ಅಂತಸ್ತು ಸರಿಯಾಗಿ ನೆಲೆಗೊಳ್ಳುವುದಕ್ಕೆ ಸುಮಾರು ಹತ್ತು ವರ್ಷಗಳು ಹಿಡಿದುವು. ಸ್ಕ್ರಿಪ್ಟ್‌ಪ್ರೊಸೆಸರನ್ನು ಬಳಸಕೂಡದೆಂದು ಸಾರಿದ್ದರೂ ಆ ಶಿಫಾರಸಿನಿಂದ ಅದನ್ನು ತೆಗೆದುಹಾಕಲಾಗಲಿಲ್ಲ. ಅದನ್ನು ನಂಬಿ ಬರೆದ ಪುಟಗಳು ಲೋಕದಲ್ಲಿ ಇದ್ದುವು. ಎಪಿಐಯಲ್ಲಿ ಒಮ್ಮೆ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ.

೪. ಧೈವತದಲ್ಲಿ ನಿಂತುಹೋಗುವ ತಂತಿ

ಘಟಕಗಳು ಎಷ್ಟೇ ಇದ್ದರೂ ಸಾಮರ್ಥ್ಯಕ್ಕೆ ಏತಕ್ಕೆ ಸಾಲವೆಂಬುದನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು.

ಮೀಟಿದ ತಂತಿಯ ನಾದವನ್ನು ಅಂಕಿಗಳಿಂದ ಹೊರಡಿಸುವ ಸುಲಭೋಪಾಯವೊಂದನ್ನು ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ ಎಂಬುವರು ೧೯೮೩ರಲ್ಲಿ ಪ್ರಕಟಿಸಿದರು. ಒಂದು ಸಣ್ಣ ಸಾಲಿನಲ್ಲಿ ಗೊತ್ತುಗುರಿಯಿಲ್ಲದ ಅಂಕಿಗಳನ್ನು ತುಂಬುವುದು. ಅವುಗಳನ್ನು ಕ್ರಮವಾಗಿ ಹೊರಕ್ಕೆ ಬಿಡುತ್ತ, ನೆರೆಯ ಎರಡೆರಡು ಅಂಕಿಗಳ ಸರಾಸರಿಯನ್ನು ಮತ್ತೆ ಸಾಲಿನ ಕೊನೆಗೆ ಸೇರಿಸುವುದು. ಇಷ್ಟೇ ಅದರ ತಂತ್ರ. ಸುತ್ತುಸುತ್ತಿಗೂ ಒರಟುತನವು ಸವೆದು, ಮೀಟಿದ ತಂತಿಯಂತೆಯೇ ಧ್ವನಿಯು ಮೊದಲು ಪ್ರಖರವಾಗಿ ಹೊರಟು ಬರಬರುತ್ತ ಮೃದುವಾಗಿ ಕರಗುತ್ತದೆ. ಸಾಲು ಎಷ್ಟು ಚಿಕ್ಕದೋ ಸ್ವರವು ಅಷ್ಟು ಎತ್ತರ. ಸೆಕೆಂಡಿಗೆ ೪೪,೧೦೦ ಸ್ಯಾಂಪಲ್ಲುಗಳಿರುವಾಗ ಸೆಕೆಂಡಿಗೆ ೪೦೦ ಕಂಪನಗಳ ಸ್ವರಕ್ಕೆ ಬೇಕಾದ ಸಾಲಿನ ಉದ್ದವು ಸುಮಾರು ೧೧೦ ಸ್ಯಾಂಪಲ್ಲುಗಳು.

ವೆಬ್ ಆಡಿಯೋದಲ್ಲಿ ವಿಳಂಬವನ್ನು ಕೊಡುವ ನೋಡೂ ಇದೆ, ಮೃದುಗೊಳಿಸುವ ಫಿಲ್ಟರೂ ಇದೆ. ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಕಟ್ಟಿ ಸುತ್ತನ್ನು ಮಾಡಿದರೆ ತಂತಿಯು ಸಿದ್ಧವಾಯಿತೆಂದು ಯಾರಿಗಾದರೂ ತೋರುವುದು. ಆದರೆ ಲೆಕ್ಕವು ೧೨೮ ಸ್ಯಾಂಪಲ್ಲುಗಳ ಕಂತಿನಲ್ಲಿ ನಡೆಯುವುದರಿಂದ, ಒಂದು ಕಂತು ಮುಗಿಯುವವರೆಗೆ ಅದರ ಫಲವು ಮತ್ತೆ ಒಳಗೆ ಬರಲಾರದು. ಹೀಗಿರುವಲ್ಲಿ ಸುತ್ತಿನೊಳಗಣ ವಿಳಂಬವು ೧೨೮ಕ್ಕಿಂತ ಕಡಿಮೆಯಾಗಕೂಡದೆಂದು ನಿಯಮವಿಟ್ಟಿದ್ದಾರೆ. ೪೪,೧೦೦ನ್ನು ೧೨೮ರಿಂದ ಭಾಗಿಸಿದರೆ ಬರುವುದು ೩೪೪ಕ್ಕೆ ಸ್ವಲ್ಪ ಹೆಚ್ಚು. ಈ ತಂತಿಯು ಅದಕ್ಕಿಂತ ಮೇಲೆ ನುಡಿಯಲಾರದು. ಆಧಾರಷಡ್ಜವನ್ನು ೨೦೦ ಕಂಪನಗಳಿಗೆ ಇಟ್ಟುಕೊಂಡರೆ ಪಂಚಮವು ೩೦೦, ಚತುಃಶ್ರುತಿ ಧೈವತವು ಸುಮಾರು ೩೩೩, ತಾರಷಡ್ಜವು ೪೦೦. ತಂತಿಯು ಧೈವತದವರೆಗೆ ಏರಿ, ನಿಷಾದದ ಹೊಸಿಲಿನಲ್ಲಿ ನಿಂತುಬಿಡುತ್ತದೆ! ಇಲ್ಲಿ ಎಪಿಐಯು ದೋಷವನ್ನೂ ಸೂಚಿಸುವುದಿಲ್ಲ. ಕೇಳಿದ ಕಡಿಮೆ ವಿಳಂಬವನ್ನು ತನ್ನ ಮಿತಿಗೆ ಏರಿಸಿ ಬೇರೊಂದು ಸ್ವರವನ್ನು ನುಡಿಸುವುದು. ಕಾರಣವನ್ನರಿಯದ ಹೊಸಬನು ತನ್ನ ಗಣಿತದಲ್ಲಿಯೇ ತಪ್ಪನ್ನು ಹುಡುಕುತ್ತ ಕುಳಿತುಕೊಳ್ಳುವನು.

ಪ್ಯೂರ್ ಡೇಟಾದಲ್ಲಿಯೂ ಇಂಥ ಕಂತು ಇದೆ. ಅಲ್ಲಿ ಅದು ಸಾಮಾನ್ಯವಾಗಿ ೬೪ ಸ್ಯಾಂಪಲ್ಲುಗಳದು. ಆದರೆ ಜಾಲದ ಯಾವುದಾದರೊಂದು ಭಾಗದಲ್ಲಿ ಮಾತ್ರ ಅದನ್ನು ಬೇಕಾದರೆ ೧ಕ್ಕೆ ಇಳಿಸಿಕೊಳ್ಳುವ ಬ್ಲಾಕ್ ಎಂಬ ಘಟಕವನ್ನೂ ಕೊಟ್ಟಿರುವರು. ಹಾಗೆ ಇಳಿಸಿದರೆ ಯಂತ್ರಕ್ಕೆ ಶ್ರಮವು ಹೆಚ್ಚುವುದು ನಿಜ. ಆದರೆ ಆ ಬೆಲೆಯನ್ನು ತೆರಬೇಕೇ ಬೇಡವೇ ಎಂಬ ತೀರ್ಮಾನವು ಬಳಸುವವನಿಗೆ ಸೇರಿದುದು. ಹೊಸಬನು ಆ ಘಟಕದ ಹೆಸರನ್ನೇ ಕೇಳದೆ ಕೆಲಸ ಮಾಡಬಹುದು. ವೆಬ್ ಆಡಿಯೋದ ೨೦೨೧ರ ಶಿಫಾರಸಿನಲ್ಲಿ ಕಂತಿನ ಅಳತೆಯು ಬದಲಾಯಿಸಲಾರದ್ದು. ಅಲ್ಲಿ ತಾರಷಡ್ಜವನ್ನು ಬಯಸುವವನು ವರ್ಕ್‌ಲೆಟ್ಟಿಗೆ ಇಳಿದು, ತಂತಿಯ ಸುತ್ತನ್ನು ಒಂದೊಂದು ಸ್ಯಾಂಪಲ್ಲಾಗಿ ತಾನೇ ಬರೆಯಬೇಕು. ಬರೆದ ಮೇಲೆ ಅದು ಇತರ ನೋಡುಗಳಂತೆಯೇ ಜಾಲದಲ್ಲಿ ಒಂದು ನೋಡಾಗಿ ಕುಳಿತುಕೊಳ್ಳುವುದೆಂಬುದು ಸಮಾಧಾನದ ಸಂಗತಿ. ಒಂದು ತಂತಿಗಾಗಿ ಇಡೀ ವಾದ್ಯವನ್ನು ಒಡೆದು ಕಟ್ಟಬೇಕಾದುದಿಲ್ಲ.

೫. ಕೀಲಿಯಿರುವ ನಿರ್ಣಯ, ಕೀಲಿಯಿಲ್ಲದ ನಿರ್ಣಯ

ಸರಳತೆಯೆಂದರೆ ಬಳಸುವವನ ಪರವಾಗಿ ಯಾರೋ ಮೊದಲೇ ನಿರ್ಣಯಗಳನ್ನು ಮಾಡಿಟ್ಟಿರುವುದು ಎಂದರ್ಥ. ಈ ನಿರ್ಣಯಗಳಲ್ಲಿ ಎರಡು ಜಾತಿಗಳುಂಟು.

ಮಂಟಪವೊಂದರ ಅನುರಣನವನ್ನು ಧ್ವನಿಗೆ ಕೂಡಿಸುವ ಕನ್ವಾಲ್ವರ್ ಎಂಬ ನೋಡು, ಕೊಟ್ಟ ಅನುರಣನದ ಬಲವನ್ನು ತಾನಾಗಿಯೇ ಹದಕ್ಕೆ ತಂದುಕೊಳ್ಳುತ್ತದೆ. ಸಾಮಾನ್ಯ ಬಳಕೆಗೆ ಇದು ಉಪಕಾರ. ಬೇಡವೆನ್ನುವವನು ನಾರ್ಮಲೈಸ್ ಎಂಬ ಗುಣವನ್ನು ಮೊದಲೇ ತೆಗೆದುಹಾಕಬಹುದು. ಧ್ವನಿಯ ಅಬ್ಬರವನ್ನು ಅಡಗಿಸುವ ಡೈನಾಮಿಕ್ಸ್ ಕಂಪ್ರೆಸರ್ ಎಂಬ ನೋಡಿನಲ್ಲಿಯೂ ಇಂಥದೇ ಒಂದು ಉಪಕಾರವಿದೆ: ಅಡಗಿಸಿದುದರಿಂದ ಆದ ಕೊರತೆಯನ್ನು ತುಂಬಲು ಅದು ಧ್ವನಿಯನ್ನು ತಾನಾಗಿಯೇ ಒಂದಿಷ್ಟು ಏರಿಸುತ್ತದೆ. ಆದರೆ ಇದನ್ನು ನಿಲ್ಲಿಸುವ ಗುಣವು ಆ ಶಿಫಾರಸಿನಲ್ಲಿ ಇಲ್ಲ. ಮೊದಲನೆಯ ನಿರ್ಣಯಕ್ಕೆ ಕೀಲಿಯುಂಟು, ಎರಡನೆಯದಕ್ಕೆ ಇಲ್ಲ. ಎರಡನ್ನೂ ಬಳಸುವುದು ಹೊಸಬನಿಗೆ ಸಮಾನವಾಗಿ ಸುಲಭ. ಆದುದರಿಂದ ಕೀಲಿಯನ್ನು ಕೊಟ್ಟಮಾತ್ರಕ್ಕೆ ಸರಳತೆಯು ಕೆಡುವುದೆಂಬ ಮಾತು ನಿಲ್ಲಲಾರದು.

ಇದೇ ಎಪಿಐಯಲ್ಲಿ ಅನುಕರಣೀಯವಾದ ಉದಾಹರಣೆಯೂ ಒಂದಿದೆ. ವಿಳಂಬವು ಎಷ್ಟಿರಬೇಕೆಂಬುದನ್ನು ಲೇಟೆನ್ಸಿ ಹಿಂಟ್ ಎಂಬುದರ ಮೂಲಕ ತಿಳಿಸಬಹುದು. ಏನನ್ನೂ ಹೇಳದಿದ್ದರೆ ನುಡಿಸುವವನ ಕೈಗೆ ಕೂಡಲೇ ಉತ್ತರ ಕೊಡುವ ಕ್ರಮವು ಹಿಡಿಯುತ್ತದೆ. ವಿದ್ಯುತ್ತಿನ ಉಳಿತಾಯವನ್ನು ಬಯಸುವವನು ಪ್ಲೇಬ್ಯಾಕ್ ಎಂದೂ, ಇವೆರಡರ ನಡುವಣದನ್ನು ಬಯಸುವವನು ಬ್ಯಾಲೆನ್ಸ್‌ಡ್ ಎಂದೂ ಹೇಳಬಹುದು. ಇನ್ನೂ ನಿಖರತೆ ಬೇಕಾದವನು ಅದೇ ಸ್ಥಳದಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಒಂದು ಅಂಕಿಯನ್ನೇ ಕೊಡಬಹುದು. ಮೌನ, ಮಾತು, ಅಂಕಿ, ಈ ಮೂರು ಮೆಟ್ಟಿಲುಗಳೂ ಒಂದೇ ಬಾಗಿಲಿಗೆ ಒಯ್ಯುತ್ತವೆ. ಕೆಳಗಿನ ಮೆಟ್ಟಿಲಿನಲ್ಲಿ ನಿಂತವನಿಗೆ ಮೇಲಿನದರ ಭಾರವಿಲ್ಲ.

ಕಂಪನಸಂಖ್ಯೆಯ ವಿಷಯದಲ್ಲಿಯೂ ಹೀಗೆಯೇ. ೧೯೮೩ರಿಂದ ಬಳಕೆಯಲ್ಲಿರುವ ಮಿಡಿ ಎಂಬ ಕ್ರಮವು ಸ್ವರಗಳನ್ನು ೦ಯಿಂದ ೧೨೭ರವರೆಗಿನ ಅಂಕಿಗಳಿಂದ ಗುರುತಿಸುತ್ತದೆ. ಹಾರ್ಮೋನಿಯಮ್ಮಿನ ಕೀಲಿಗಳಂತೆ ಅಷ್ಟಷ್ಟಕ್ಕೆ ನಿಂತ ಮನೆಗಳು ಅವು. ಸ್ವರವನ್ನು ಬಾಗಿಸಬೇಕಾದರೆ ಪ್ರತ್ಯೇಕವಾದ ಆಜ್ಞೆ ಬೇಕು, ಮತ್ತು ಮೊದಲಿನ ಕ್ರಮದಲ್ಲಿ ಆ ಆಜ್ಞೆಯು ಆ ಚಾನೆಲ್ಲಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ. ವೆಬ್ ಆಡಿಯೋದ ಆಸಿಲೇಟರಾದರೋ ಸೆಕೆಂಡಿಗೆ ಎಷ್ಟು ಕಂಪನವೆಂಬುದನ್ನೇ ನೇರವಾಗಿ ಕೇಳುತ್ತದೆ. ಆ ಸಂಖ್ಯೆಯು ಕಾಲಕ್ರಮದಲ್ಲಿ ಹೇಗೆ ಏರಿಳಿಯಬೇಕೆಂಬುದಕ್ಕೆ ಒಂದು ವಕ್ರರೇಖೆಯನ್ನೇ ಕೊಡಲು ಅವಕಾಶವಿದೆ. ಇದನ್ನು ರಚಿಸಿದವರ ಮನಸ್ಸಿನಲ್ಲಿ ನಮ್ಮ ಗಮಕಗಳು ಇದ್ದಿರಬೇಕಾದುದೇನೂ ಇಲ್ಲ. ಸಂಗೀತವೆಂದರೆ ಇಷ್ಟೇ ಎಂದು ಕರಾರಿನಲ್ಲಿ ಬರೆಯದೆ ಬಿಟ್ಟುದರಿಂದಲೇ ಒಂದು ಕಂಪಿತವನ್ನು ಅದರಲ್ಲಿ ಬರೆಯಲು ಸಾಧ್ಯವಾಗಿದೆ.

೬. ಉಪಸಂಹಾರ

ಮೇಲಣ ವಿಚಾರದಿಂದ ಕೆಲವು ಸಿದ್ಧಾಂತಗಳು ಹೊರಡುತ್ತವೆ. ಒಂದನೆಯದು, ಸರಳತೆ ಮತ್ತು ಸಾಮರ್ಥ್ಯಗಳು ಒಂದೇ ರೇಖೆಯ ಎರಡು ತುದಿಗಳಲ್ಲ. ನಡುವೆ ಎಲ್ಲಿಯೋ ಒಂದು ಬಿಂದುವನ್ನು ಹಿಡಿದು ನಿಂತರೆ ಎರಡು ಪಕ್ಷದವರಿಗೂ ಅತೃಪ್ತಿಯೇ ಉಳಿಯುವುದು. ಅವು ಒಂದರ ಮೇಲೊಂದಾಗಿ ಇರಬೇಕಾದ ಅಂತಸ್ತುಗಳು. ಎರಡನೆಯದು, ಕೆಳಗಿನ ಅಂತಸ್ತನ್ನು ಮೊದಲು ಭದ್ರವಾಗಿ ಕಟ್ಟಿ, ಮೇಲಿನದನ್ನು ಅದರ ಆಧಾರದ ಮೇಲೆ ನಿಲ್ಲಿಸಬೇಕು. ಘಟಕಗಳ ಪಟ್ಟಿಯು ಎಂದಿಗೂ ಪೂರ್ಣವಾಗಲಾರದು. ಅದರಲ್ಲಿಲ್ಲದುದನ್ನು ಬಯಸುವವನಿಗೆ ಹಿಂಬಾಗಿಲನ್ನು ತೋರಿಸಿದರೆ ಆಗುವ ನಷ್ಟವೆಷ್ಟೆಂಬುದನ್ನು ಸ್ಕ್ರಿಪ್ಟ್‌ಪ್ರೊಸೆಸರಿನ ಚರಿತ್ರೆಯು ಸಾರುತ್ತದೆ. ಮೂರನೆಯದು, ಮೇಲಿನಿಂದ ಕೆಳಕ್ಕೆ ಇಳಿಯುವವನು ಅದುವರೆಗೆ ಕಟ್ಟಿದುದನ್ನು ಕೆಡಹಬೇಕಾಗಿರಬಾರದು. ನಾಲ್ಕನೆಯದು, ಮೊದಲೇ ಮಾಡಿಟ್ಟ ನಿರ್ಣಯಕ್ಕೆಲ್ಲ ಒಂದು ಕೀಲಿಯಿರಬೇಕು. ಎಪಿಐಯು ತನ್ನ ಮಿತಿಯನ್ನು ಮೌನವಾಗಿ ಹೇರದೆ ಬಾಯಿಬಿಟ್ಟು ಹೇಳಬೇಕು.

ಕೆಳಗಿನ ಅಂತಸ್ತು ಸಿಕ್ಕಿದುದರಿಂದ ಕಷ್ಟವೆಲ್ಲ ತೀರಿತೆಂದು ತಿಳಿಯಬಾರದು. ವರ್ಕ್‌ಲೆಟ್ಟಿನೊಳಗೆ ಬರೆಯುವವನಿಗೂ ಕಾಲನಿಯಮವು ತಪ್ಪಿದುದಲ್ಲ. ಅಲ್ಲಿ ಅಜಾಗರೂಕತೆಯಿಂದ ಮೆಮೊರಿಯನ್ನು ಚೆಲ್ಲಾಡಿದರೆ, ಅದನ್ನು ಗುಡಿಸುವ ಹೊತ್ತಿನಲ್ಲಿ ಧ್ವನಿಯು ಕಡಿಯಬಹುದು. ಸಾಮರ್ಥ್ಯದೊಡನೆ ಹೊಣೆಯೂ ಬರುವುದನ್ನು ಯಾವ ಎಪಿಐಯೂ ತಪ್ಪಿಸಲಾರದು. ಆದರೆ ಆ ಹೊಣೆಯನ್ನು ಹೊರಲು ಸಿದ್ಧನಾದವನಿಗೆ ದಾರಿಯನ್ನು ಮುಚ್ಚದಿರುವುದೂ, ಸಿದ್ಧನಲ್ಲದವನ ಮೇಲೆ ಅದನ್ನು ಹೊರಿಸದಿರುವುದೂ ರಚನಕಾರನ ಕೈಯಲ್ಲಿವೆ. ವೀಣೆಯನ್ನು ಮಾಡುವವನು ಮೆಟ್ಟುಗಳನ್ನು ನಿಲ್ಲಿಸಿದ ಮೇಲೆಯೂ ತಂತಿಯು ಪಕ್ಕಕ್ಕೆ ಜರುಗುವಷ್ಟು ಸ್ಥಳವನ್ನು ಬಿಟ್ಟಿರುತ್ತಾನೆ. ಮೊದಲ ದಿನದ ಶಿಷ್ಯನಿಗೆ ಆ ಸ್ಥಳವು ಏತಕ್ಕೆಂದು ತಿಳಿಯದು. ತಿಳಿಯಬೇಕಾದ ಅವಶ್ಯಕತೆಯೂ ಇಲ್ಲ. ಅವನು ಅದನ್ನು ಹುಡುಕಿಕೊಂಡು ಬರುವ ದಿನ ಅದು ಅಲ್ಲಿ ಇದ್ದರೆ ಸಾಕು.